ಸಂಪಿಂದ ಟ್ಯಾಂಕಿಗೆ ನೀರು, ನಡುವೆ ಒಂದು 8051

ಬೆಂಗಳೂರಿನ ಎಸ್‌ಪಿ ರೋಡಲ್ಲಿ ಯಾವುದಾದ್ರೂ ಎಲೆಕ್ಟ್ರಾನಿಕ್ಸ್ ಅಂಗಡಿಗೆ ಹೋಗಿ 8051ಗೆ, ಅಂದ್ರೆ ಒಂದೇ ಚಿಪ್ಪಲ್ಲಿರೋ ಆ ಪುಟ್ಟ ಕಂಪ್ಯೂಟರಿಗೆ, ಕ್ಲಾಕ್ ಹೊಡೆಯೋ ಕ್ರಿಸ್ಟಲ್ ಕೊಡಿ ಅಂದ್ರೆ, 12 ಮೆಗಾಹರ್ಟ್ಸ್ ಬೇಕಾ 11.0592 ಬೇಕಾ ಅಂತ ಕೇಳ್ತಾರೆ. ಹೊಸಬರು 12 ಅಂತಾರೆ. ಅದರಲ್ಲಿ ಲೆಕ್ಕ ಸಲೀಸು, 12 ಕ್ಲಾಕಿಗೆ ಒಂದು ಮಷೀನ್ ಸೈಕಲ್ಲು, ಅಂದ್ರೆ ಚಿಪ್ಪಿನ ಕೆಲಸದ ಒಂದು ಹೆಜ್ಜೆ, ಅಲ್ಲಿಗೆ ಒಂದು ಸೈಕಲ್ಲು ಅಂದ್ರೆ ಸರಿಯಾಗಿ ಒಂದು ಮೈಕ್ರೋಸೆಕೆಂಡು. ಮತ್ತೆ ಈ ಬಾಲ ಇರೋ 11.0592 ಯಾಕೆ ಹುಟ್ಟಿತು? ಕಂಪ್ಯೂಟರ್ ಜೊತೆ ಮಾತಾಡೋ ಸೀರಿಯಲ್ ಪೋರ್ಟಿಗೋಸ್ಕರ. ಅದನ್ನ 12ರಿಂದ ಭಾಗಿಸಿ, ಬಂದಿದ್ದನ್ನ 32ರಿಂದ ಭಾಗಿಸಿ, 28800 ಬರುತ್ತೆ, ಚೂರೂ ಶೇಷ ಇಲ್ಲ, ಅದನ್ನ 3ರಿಂದ ಭಾಗಿಸಿದ್ರೆ 9600, ಸೆಕೆಂಡಿಗೆ ಇಷ್ಟು ಬಿಟ್ ಅನ್ನೋ ಸೀರಿಯಲ್ಲಿನ ಮಾಮೂಲಿ ವೇಗ. ಎಲ್ಲರ ಲ್ಯಾಬ್ ರೆಕಾರ್ಡ್ ಬುಕ್ಕಲ್ಲೂ ಈ ವೇಗ ಕೊಡೋ ಟೈಮರಿನ ಟಿಎಚ್1 ರಿಜಿಸ್ಟರಿಗೆ (ರಿಜಿಸ್ಟರ್ ಅಂದ್ರೆ ಚಿಪ್ಪಿನೊಳಗೆ ಸಂಖ್ಯೆ ಇಡೋ ಜಾಗ) ಎಫ್‌ಡಿ ಹಾಕು ಅಂತ ಇರುತ್ತಲ್ಲ, ಹೆಕ್ಸಲ್ಲಿ, ಅಂದ್ರೆ 16ರ ಲೆಕ್ಕದಲ್ಲಿ, ಆ ಎಫ್‌ಡಿ ಅಂದ್ರೆ ಮೈನಸ್ 3, ಅಷ್ಟೇ. ಅದೇ 12ರ ಕ್ರಿಸ್ಟಲ್ ಹಾಕಿದ್ರೆ 10416 ಚಿಲ್ಲರೆ ಬರುತ್ತೆ, ಶೇಕಡಾ ಎಂಟೂವರೆ ತಪ್ಪು, ಕಂಪ್ಯೂಟರ್ ಸ್ಕ್ರೀನಲ್ಲಿ ಬರೀ ಕಸ.

ಈ ಒಂದು ಲೆಕ್ಕ ತಲೆಗೆ ಹೋದ್ರೆ ಅಸೆಂಬ್ಲಿ, ಅಂದ್ರೆ ಚಿಪ್ಪಿನ ಒಂದೊಂದು ಇನ್‌ಸ್ಟ್ರಕ್ಷನ್ನನ್ನೂ ನಾವೇ ಬರೆಯೋ ಭಾಷೆ, ಕಲಿಯೋದು ಏತಕ್ಕೆ ಅನ್ನೋದು ಅರ್ಧ ಗೊತ್ತಾದ ಹಾಗೆ. ಆರ್ಡುಯಿನೋ ಥರದ ಸುಲಭದ ಬೋರ್ಡ್ ಇರೋವಾಗ, 32 ಬಿಟ್ಟಿನ ಬೋರ್ಡು ಕೈಗೆಟಕೋ ರೇಟಲ್ಲಿ ಸಿಗೋವಾಗ, 1980ರಲ್ಲಿ ಇಂಟೆಲ್ ಬಿಟ್ಟ ಚಿಪ್ಪನ್ನ ಯಾಕೆ ಹಿಡ್ಕೊಂಡಿದೀರ ಅಂತ ತುಂಬ ಜನ ಕೇಳ್ತಾರೆ. ಕೆಲಸ ಸಿಗುತ್ತೆ ಅಂತ ಅಲ್ಲ, ಇವತ್ತು ಪೂರ್ತಿ ಪ್ರಾಡಕ್ಟನ್ನ ಅಸೆಂಬ್ಲಿಲಿ ಬರೆಸೋ ಕಂಪನಿ ಹುಡುಕಿದ್ರೂ ಸಿಗೋದು ಕಷ್ಟ. ಆದ್ರೆ 8051ರಲ್ಲಿ ಇರೋದೇ 111 ಇನ್‌ಸ್ಟ್ರಕ್ಷನ್ನು, ಒಳಗಡೆ 128 ಬೈಟ್ ರ್‍ಯಾಮು, ಏನೂ ಬಚ್ಚಿಟ್ಟುಕೊಂಡಿರಲ್ಲ. ಒಬ್ಬ ಮನುಷ್ಯ ಪೂರ್ತಿ ತಲೇಲಿ ಇಟ್ಕೊಳ್ಳಬಹುದಾದ ಕಂಪ್ಯೂಟರ್ ಇದು. ಆಮೇಲೆ ಸಿ ಬರೀರಿ, ಏನು ಬೇಕಾದ್ರೂ ಬರೀರಿ.

ನನ್ನ ಪ್ರಕಾರ ಭಾಷೆ ಸುಲಭ, ಕಷ್ಟ ಇರೋದೆಲ್ಲ ಪಿನ್ನಿನ ಆಚೆ. ಕಾಲೇಜ್ ಲ್ಯಾಬುಗಳಲ್ಲಿ ದೊಡ್ಡ ಸಂಖ್ಯೆ ಹುಡುಕು, ಹತ್ತು ಬೈಟ್ ಅಲ್ಲಿಂದ ಇಲ್ಲಿಗೆ ಕಾಪಿ ಮಾಡು, ಅಸೆಂಡಿಂಗ್ ಆರ್ಡರಲ್ಲಿ ಜೋಡಿಸು ಅಂತ ಶುರು ಮಾಡಿಸ್ತಾರೆ, ಅದೆಲ್ಲ ಸಿಮ್ಯುಲೇಟರಲ್ಲೇ ಮುಗಿದುಹೋಗುತ್ತೆ, ಕೈಗೆ ವೈರು ತಾಗೋದೇ ಇಲ್ಲ. ಅದಕ್ಕೆ ಯಾರಾದ್ರೂ ಕಲೀತೀನಿ ಅಂದ್ರೆ ನಾನು ಹೇಳೋದು ಒಂದೇ, ಮನೆ ಸಂಪಿಂದ ಮೇಲಿನ ಟ್ಯಾಂಕಿಗೆ ನೀರು ಏರಿಸೋ ಮೋಟರನ್ನ ತಾನಾಗೇ ಆನ್ ಆಫ್ ಮಾಡೋ ಒಂದು ಡಬ್ಬಿ ಮಾಡಿ. ಇನ್‌ಪುಟ್ಟಿಗೆ ನೀರಿನ ಮಟ್ಟ ಹೇಳೋ ಎರಡು ಫ್ಲೋಟ್ ಸ್ವಿಚ್, ಔಟ್‌ಪುಟ್ಟಿಗೆ ಒಂದು ರಿಲೇ, ಅಂದ್ರೆ ಚಿಪ್ಪು ಆನ್ ಆಫ್ ಮಾಡೋ ಸ್ವಿಚ್ಚು. ಇಷ್ಟರಲ್ಲಿ ಎಲ್ಲಾ ಪಾಠ ಇದೆ.

ಚಿಪ್ಪು 8051 ಜಾತಿಯದೇ ಆದ ಎಟಿ89ಎಸ್52 ತಗೊಳ್ಳಿ, ಎಸ್ ಇರೋದನ್ನ, ಸಿ ಇರೋ ಹಳೇದನ್ನಲ್ಲ. ಇದಕ್ಕೆ ಯುಎಸ್‌ಬಿ ಎಎಸ್‌ಪಿ ಅನ್ನೋ ಚಿಕ್ಕ ಪ್ರೋಗ್ರಾಮರಿಂದ ಬೋರ್ಡಲ್ಲಿ ಕೂತಿದ್ದ ಹಾಗೇ ಪ್ರೋಗ್ರಾಂ ಹಾಕಬಹುದು, ಪದೇ ಪದೇ ಕಿತ್ತು ಕಾಲು ಬಗ್ಗಿಸೋದು ತಪ್ಪುತ್ತೆ. ಬರೆದಿದ್ದನ್ನ ಚಿಪ್ಪಿಗೆ ಅರ್ಥ ಆಗೋ ಕೋಡ್ ಮಾಡೋ ಸಾಫ್ಟ್‌ವೇರಿಗೆ (ಅಸೆಂಬ್ಲರ್) ಕೈಲ್‌ನ ಫ್ರೀ ವರ್ಷನ್ ಸಾಕು, ಅದರಲ್ಲಿ 2 ಕೆಬಿ ಕೋಡ್ ಲಿಮಿಟ್ ಇದೆ, ಆದ್ರೆ ಅಸೆಂಬ್ಲಿಲಿ 2 ಕೆಬಿ ತುಂಬಿಸೋದು ಅಂದ್ರೆ ಬರೆದೂ ಬರೆದೂ ಕೈ ಸೋಲಬೇಕು. ಬೋರ್ಡ್ ಕೈಗೆ ಸಿಗೋವರೆಗೆ ಎಡ್‌ಸಿಮ್51 ಸಿಮ್ಯುಲೇಟರಲ್ಲಿ ಒಂದೊಂದೇ ಸ್ಟೆಪ್ ಓಡಿಸಿ ರಿಜಿಸ್ಟರುಗಳು ಬದಲಾಗೋದನ್ನ ನೋಡ್ತಾ ಇರಿ.

ಮೊದಲು ಎಲ್‌ಇಡಿ. ಎಲ್ಲರೂ ಪಿನ್ನಿಂದ ರೆಸಿಸ್ಟರ್, ಎಲ್‌ಇಡಿ, ಗ್ರೌಂಡ್ ಅಂತ ಹಾಕಿ, ಪಿನ್ನಿಗೆ 1 ಕಳಿಸಿ, ಮಿಣುಕು ಹುಳದಷ್ಟೂ ಬೆಳಕು ಬರಲಿಲ್ಲ ಅಂತ ಕೂರ್ತಾರೆ. 8051 ಪಿನ್ನು 1 ಅಂದಾಗ ಕರೆಂಟ್ ಕೊಡೋಕೆ ಆಗಲ್ಲ, ಪಿನ್ನನ್ನ 5 ವೋಲ್ಟ್ ಕಡೆ ಎಳೆಯೋಕೆ ಒಳಗಿರೋದು ಬಡಕಲು ಪುಲ್‌ಅಪ್, ಕೊಡೋದು ಮೈಕ್ರೋಆಂಪ್ ಲೆಕ್ಕದಲ್ಲಿ. 0 ಅಂದಾಗ ಮಾತ್ರ ಗಟ್ಟಿಯಾಗಿ ಎಳ್ಕೊಳ್ಳುತ್ತೆ. ಹಾಗಾಗಿ 5 ವೋಲ್ಟಿಂದ ರೆಸಿಸ್ಟರ್, ಎಲ್‌ಇಡಿ, ಆಮೇಲೆ ಪಿನ್ನು. 0 ಕಳಿಸಿದ್ರೆ ಉರಿಯುತ್ತೆ. ಇಲ್ಲಿ ಇನ್ನೊಂದು ವಿಷಯ ಬಹಳ ಜನ ನೋಡೇ ಇರಲ್ಲ: ಡೇಟಾಶೀಟಲ್ಲಿ ಒಂದು ಪಿನ್ನಿಗೆ 10 ಮಿಲಿಆಂಪ್ ಅಂತ ಇದೆ ನಿಜ, ಆದ್ರೆ ಪೋರ್ಟ್ 1, 2, 3 ಒಂದೊಂದಕ್ಕೂ ಎಂಟು ಪಿನ್ನು ಸೇರಿ 15 ಮಿಲಿಆಂಪ್ ಮಾತ್ರ. 330 ಓಮ್ ಹಾಕಿ ಎಂಟೂ ಎಲ್‌ಇಡಿ ಉರಿಸಿದ್ರೆ 60 ದಾಟುತ್ತೆ. ಉರಿಯುತ್ತೆ, ಚಿಪ್ಪು ತಕ್ಷಣ ಸಾಯಲ್ಲ, ಅದಕ್ಕೇ ಯಾರೂ ತಲೆ ಕೆಡಿಸ್ಕೊಳ್ಳಲ್ಲ. 2.2 ಕೆ ಹಾಕಿ, ಈಗಿನ ಎಲ್‌ಇಡಿಗೆ ಧಾರಾಳ ಸಾಕು.

ಮಿಟುಕಿಸೋಕೆ ಡಿಲೇ ಬೇಕಲ್ಲ, ಅಲ್ಲಿಂದ ಎಣಿಸೋ ಅಭ್ಯಾಸ ಶುರು. ಡಿಜೆಎನ್‌ಜಡ್ ಅನ್ನೋ ಇನ್‌ಸ್ಟ್ರಕ್ಷನ್ನು ರಿಜಿಸ್ಟರಲ್ಲಿ ಒಂದು ಕಳೆದು, ಸೊನ್ನೆ ಆಗಿಲ್ಲ ಅಂದ್ರೆ ವಾಪಸ್ ಹಾರುತ್ತೆ, ಪ್ರತಿ ಸಲ 2 ಸೈಕಲ್ಲು. 250 ಸಲ ಸುತ್ತಿದ್ರೆ 500. ಹೊರಗಡೆ ಇನ್ನೊಂದು ಸುತ್ತು ಹಾಕಿದ್ರೆ, ಒಳಗಿನದಕ್ಕೆ ಮತ್ತೆ 250 ತುಂಬೋಕೆ 1, ಹೊರಗಿನ ಡಿಜೆಎನ್‌ಜಡ್‌ಗೆ 2, ಒಟ್ಟು 503. ನಮ್ಮ ಕ್ರಿಸ್ಟಲ್ಲಿಗೆ ಸೆಕೆಂಡಿಗೆ 9,21,600 ಸೈಕಲ್ಲು, ನೂರು ಮಿಲಿಸೆಕೆಂಡಿಗೆ 92,160. 503ರಿಂದ ಭಾಗಿಸಿ, 183. ಹೊರಗಿನ ಲೂಪಿಗೆ 183 ಹಾಕಿದ್ರೆ ಕಾಲ್ ರಿಟರ್ನ್ ಎಲ್ಲಾ ಸೇರಿ 99.9 ಮಿಲಿಸೆಕೆಂಡ್ ಹತ್ತಿರ ಬಂದು ನಿಲ್ಲುತ್ತೆ. ಯಾವ ಲೈಬ್ರರಿನೂ ಇಲ್ಲ, ಪೆನ್ನು ಪೇಪರಲ್ಲಿ ಬಂದಿದ್ದು ಹಾಗೇ ಎಲ್‌ಇಡಿಲಿ ಕಾಣ್ಸುತ್ತೆ, ಆ ಖುಷಿ ಬೇರೆ ಬಿಡಿ.

ಸಿಂಟ್ಯಾಕ್ಸಲ್ಲಿ ಕೈ ಕೊಡೋದು ಮುಖ್ಯವಾಗಿ ಹ್ಯಾಶ್ ಗುರುತು. ಹ್ಯಾಶ್ ಹಾಕಿ 30 ಅಂದ್ರೆ 30 ಅನ್ನೋ ಸಂಖ್ಯೆ, ಹ್ಯಾಶ್ ಇಲ್ಲ ಅಂದ್ರೆ 30ನೇ ವಿಳಾಸದಲ್ಲಿ ಏನಿದ್ಯೋ ಅದು. ಅಸೆಂಬ್ಲರ್ ಎರಡನ್ನೂ ಒಪ್ಕೊಳ್ಳುತ್ತೆ, ಎರರ್ ಬರಲ್ಲ. ಇನ್ನೊಂದು ಸ್ಟ್ಯಾಕ್ ಪಾಯಿಂಟರ್, ಪುಶ್ ಮಾಡಿ ತಾತ್ಕಾಲಿಕವಾಗಿ ಎತ್ತಿಡೋ ಬೈಟು ಎಲ್ಲಿಗೆ ಹೋಗಬೇಕು ಅಂತ ತೋರಿಸೋ ರಿಜಿಸ್ಟರು. ರೀಸೆಟ್ ಆದಾಗ ಅದು 07ರಲ್ಲಿ ಇರುತ್ತೆ, ಅಂದ್ರೆ ಮೊದಲ ಪುಶ್ ಹೋಗೋದು 08ಕ್ಕೆ, ಅದು ರಿಜಿಸ್ಟರುಗಳ ಎರಡನೇ ಗುಂಪಿನ, ಅಂದ್ರೆ ಬ್ಯಾಂಕ್ 1ರ ಜಾಗ, ಬ್ಯಾಂಕ್ ಬದಲಾಯಿಸಿದ ದಿನ ತಮಾಷೆ ನೋಡಬೇಕು. ಮೇನ್, ಅಂದ್ರೆ ಮುಖ್ಯ ಪ್ರೋಗ್ರಾಮಿನ, ಶುರುವಲ್ಲೇ ಸ್ಟ್ಯಾಕನ್ನ ಮೇಲಕ್ಕೆ ಎಲ್ಲಾದ್ರೂ ಎತ್ತಿಟ್ಟುಬಿಡಿ.

ಈಗ ಫ್ಲೋಟ್ ಸ್ವಿಚ್. ಸ್ಟೀಲ್ ಕಡ್ಡಿ ನೀರಿಗೆ ಇಳಿಬಿಟ್ಟು ಟ್ರಾನ್ಸಿಸ್ಟರಿಂದ ಸೆನ್ಸ್ ಮಾಡೋ ಸರ್ಕ್ಯೂಟ್ ನೂರಾರು ಸಿಗುತ್ತೆ, ಬೇಡ. ಡಿಸಿ ಹರಿಯೋದರಿಂದ ಕಡ್ಡಿ ತಿಂದುಹೋಗುತ್ತೆ, ನಮ್ಮ ಕಡೆ ಬೋರ್ ನೀರಿಗೆ ಅದರ ಮೇಲೆ ಬಿಳಿ ಸುಣ್ಣ ಬೇರೆ ಕಟ್ಟುತ್ತೆ. ಒಳಗೆ ಆಯಸ್ಕಾಂತ, ರೀಡ್ ಸ್ವಿಚ್ ಇರೋ ಫ್ಲೋಟ್ ವಾಸಿ. ಒಂದು ಕಾಲು ಗ್ರೌಂಡಿಗೆ, ಇನ್ನೊಂದು ಪಿ1.0ಗೆ. ಓದೋದಕ್ಕೆ ಮುಂಚೆ ಆ ಪಿನ್ನಿಗೆ 1 ಬರೆದಿರಲೇಬೇಕು. 8051ರಲ್ಲಿ ಇನ್‌ಪುಟ್ಟು ಔಟ್‌ಪುಟ್ಟು ಅಂತ ತಿರುಗಿಸೋ ರಿಜಿಸ್ಟರೇ ಇಲ್ಲ, 0 ಬರೆದಿದ್ರೆ ಒಳಗಿನ ಟ್ರಾನ್ಸಿಸ್ಟರ್ ಪಿನ್ನನ್ನ ನೆಲಕ್ಕೆ ಒತ್ತಿ ಹಿಡ್ಕೊಂಡಿರುತ್ತೆ, ಸ್ವಿಚ್ ಏನೇ ಮಾಡಿದ್ರೂ 0 ಅಂತಲೇ ಓದುತ್ತೆ. ಮೂವ್ ಇನ್‌ಸ್ಟ್ರಕ್ಷನ್ನಿಂದ ಓದಿದ್ರೆ ಪಿನ್ನಿನ ನಿಜವಾದ ಸ್ಥಿತಿ ಬರುತ್ತೆ, ಆದ್ರೆ ಪೋರ್ಟನ್ನೇ ಬದಲಾಯಿಸೋ ಸಿಪಿಎಲ್, ಎಎನ್‌ಎಲ್ ಥರದವು ಪಿನ್ನನ್ನ ನೋಡಲ್ಲ, ನಾವು ಬರೆದಿದ್ದನ್ನ ಹಿಡಿದಿಟ್ಟಿರೋ ಒಳಗಿನ ಲ್ಯಾಚನ್ನ ಓದಿ, ಬದಲಾಯಿಸಿ, ವಾಪಸ್ ಬರೀತವೆ. ಹೀಗೆ ಮಾಡಿರೋದು ಸುಮ್ನೆ ಅಲ್ಲ: ಪಿನ್ನು ಟ್ರಾನ್ಸಿಸ್ಟರಿನ ಬೇಸಿಗೆ ನೇರ ಕಟ್ಟಿದ್ರೆ ವೋಲ್ಟೇಜು 0.7ಕ್ಕೆ ಕುಗ್ಗಿರುತ್ತೆ, ಬರೆದಿದ್ದು 1 ಆದ್ರೂ ಪಿನ್ನಲ್ಲಿ ಓದಿದ್ರೆ 0 ಅನ್ಸುತ್ತೆ. ಲ್ಯಾಚ್ ಓದಿದ್ರೆ ಆ ಮೋಸ ಇಲ್ಲ.

ಟೆರೇಸಿಂದ ಕೆಳಗಿನ ಡಬ್ಬಿವರೆಗೆ ವೈರ್ ಉದ್ದ ಇರುತ್ತಲ್ಲ, ಒಳಗಿನ ಬಡಕಲು ಪುಲ್‌ಅಪ್ಪನ್ನ ನಂಬ್ಕೊಂಡ್ರೆ ಆ ವೈರು ಆಂಟೆನಾ ಆಗುತ್ತೆ. ಹೊರಗಡೆಯಿಂದ 4.7 ಕೆ ಪುಲ್‌ಅಪ್, ಪಿನ್ನಿನ ಹತ್ತಿರ ಒಂದು 0.1 ಮೈಕ್ರೋಫ್ಯಾರಡ್. ಅಷ್ಟಾದ್ರೂ ನೀರು ಬೀಳೋವಾಗ ಟ್ಯಾಂಕಲ್ಲಿ ಅಲೆ ಎದ್ದು ಫ್ಲೋಟ್ ಕುಣೀತಾ ಇರುತ್ತೆ. ಪುಷ್ ಬಟನ್ನಿಗೆ 20 ಮಿಲಿಸೆಕೆಂಡ್ ಕಾದ್ರೆ ಬೌನ್ಸ್ ಮುಗೀತು, ಇಲ್ಲಿ ಸೆಕೆಂಡುಗಟ್ಟಲೆ ಬೇಕು. ಅದಕ್ಕೇ ಎರಡು ಫ್ಲೋಟ್, ಕೆಳಗಿನದು ಖಾಲಿ ಅಂದಾಗ ಆನ್, ಮೇಲಿನದು ತುಂಬಿತು ಅಂದಾಗ ಆಫ್, ನಡುವೆ ಇದ್ರೆ ಈಗ ಹೇಗಿದ್ಯೋ ಹಾಗೇ.

ರಿಲೇ ವಿಷಯಕ್ಕೆ ಬಂದ್ರೆ, ರೀಸೆಟ್ ಆದ ತಕ್ಷಣ 8051ರ ಎಲ್ಲಾ ಪೋರ್ಟೂ 1 ಆಗುತ್ತೆ. ಪಿನ್ನು 1 ಆದ್ರೆ ರಿಲೇ ಆನ್ ಅನ್ನೋ ಸರ್ಕ್ಯೂಟ್ ಮಾಡಿದ್ರೆ ಪ್ರತಿ ಸಲ ಕರೆಂಟ್ ಬಂದಾಗ, ನಿಮ್ಮ ಪ್ರೋಗ್ರಾಮಿನ ಮೊದಲ ಸಾಲು ಓಡೋದಕ್ಕೂ ಮುಂಚೆ, ಮೋಟರ್ ಒಂದು ಸಲ ಜರ್ಕ್ ಹೊಡಿಯುತ್ತೆ. ಕೋಡಲ್ಲಿ ಇದಕ್ಕೆ ಔಷಧಿ ಇಲ್ಲ ಗುರು. ಮಾರ್ಕೆಟಲ್ಲಿ ಆಪ್ಟೋಕಪ್ಲರ್ ಇರೋ ರಿಲೇ ಮಾಡ್ಯೂಲ್ ಸಿಗುತ್ತೆ, ಅದರಲ್ಲಿ 0 ಕೊಟ್ರೆ ಆನ್ ಆಗೋದನ್ನೇ ನೋಡಿ ತಗೊಳ್ಳಿ, ಈ ಚಿಪ್ಪಿಗೆ ಹೇಳಿ ಮಾಡಿಸಿದ ಹಾಗಿದೆ. ಆ ಪುಟಾಣಿ ರಿಲೇಗೆ ನೇರ ಮೋಟರ್ ಕಟ್ಟಬೇಡಿ, 10 ಆಂಪ್ ಅಂತ ಮೇಲೆ ಬರೆದಿರುತ್ತೆ, ಆದ್ರೆ ಮೋಟರು ಸ್ಟಾರ್ಟ್ ಆಗೋವಾಗ ಓಡೋವಾಗಿನ ಹಲವು ಪಟ್ಟು ಎಳೆಯುತ್ತೆ, ಕಾಂಟ್ಯಾಕ್ಟ್ ಅಂಟ್ಕೊಂಡ್ರೆ ಟ್ಯಾಂಕ್ ತುಂಬಿ ಹರೀತಾನೇ ಇರುತ್ತೆ. ರಿಲೇಯಿಂದ ಕಾಂಟ್ಯಾಕ್ಟರಿನ (ದೊಡ್ಡ ಕರೆಂಟ್ ತಡ್ಕೊಳ್ಳೋ ದಪ್ಪ ರಿಲೇ ಅನ್ನಿ) ಕಾಯಿಲ್, ಕಾಂಟ್ಯಾಕ್ಟರಿಂದ ಮೋಟರ್. 230 ವೋಲ್ಟ್ ಕಡೆ ಕೈ ಹಾಕೋ ಕೆಲಸ ಎಲೆಕ್ಟ್ರಿಶಿಯನ್ ಹತ್ರಾನೇ ಮಾಡಿಸಿ, ಇದರಲ್ಲಿ ಧೈರ್ಯ ತೋರಿಸೋಂಥದ್ದು ಏನೂ ಇಲ್ಲ.

ಕಾಂಟ್ಯಾಕ್ಟರ್ ಆಫ್ ಆಗೋವಾಗ ಕಾಯಿಲಿಂದ ಬರೋ ಸ್ಪೈಕಿಗೆ ಪ್ರೋಗ್ರಾಂ ದಿಕ್ಕು ತಪ್ಪುತ್ತೆ, ಎಲ್‌ಸಿಡಿ ಇದ್ರೆ ಅದರಲ್ಲಿ ಯಾವುದೋ ಲಿಪಿ ಕಾಣ್ಸುತ್ತೆ. ಕಾಯಿಲಿಗೆ ಅಡ್ಡ 100 ಓಮು, ಎಕ್ಸ್2 ದರ್ಜೆಯ 0.1 ಮೈಕ್ರೋಫ್ಯಾರಡ್ ಕೆಪಾಸಿಟರು ಸೀರೀಸಲ್ಲಿ ಹಾಕಿ, ಚಿಪ್ಪಿನ ಸಪ್ಲೈ ಕಾಲಿಗೆ ಅಂಟಿದ ಹಾಗೆ ಇನ್ನೊಂದು 0.1. ಇಷ್ಟಾದ್ಮೇಲೂ ಹ್ಯಾಂಗ್ ಆದ್ರೆ ಅಂತಾನೇ ಎಸ್52ರಲ್ಲಿ ವಾಚ್‌ಡಾಗ್ ಇಟ್ಟಿದಾರೆ. ಹೆಕ್ಸಲ್ಲಿ 1ಇ, ಆಮೇಲೆ ಇ1, ಈ ಎರಡನ್ನ ಇದೇ ಕ್ರಮದಲ್ಲಿ ಅದರ ರಿಜಿಸ್ಟರಿಗೆ ಬರೆದ್ರೆ ಶುರುವಾಗುತ್ತೆ, ಶುರುವಾದ್ಮೇಲೆ ನಿಲ್ಲಿಸೋಕಾಗಲ್ಲ, ಸುಮಾರು 17 ಮಿಲಿಸೆಕೆಂಡ್ ಒಳಗೆ ಮತ್ತೆ ಬರೀಲಿಲ್ಲ ಅಂದ್ರೆ ಚಿಪ್ಪನ್ನೇ ರೀಸೆಟ್ ಮಾಡುತ್ತೆ.

ಈಗ ನೋಡಿ ಮಜಾ. ಮೊದಲು ಅಷ್ಟು ಕಷ್ಟಪಟ್ಟು ಎಣಿಸಿದ ನೂರು ಮಿಲಿಸೆಕೆಂಡ್ ಡಿಲೇ ಇದೆಯಲ್ಲ, ಅದು ಒಂದು ಸಲ ಓಡೋದರೊಳಗೆ ವಾಚ್‌ಡಾಗ್ ಕಚ್ಚುತ್ತೆ. ಡಿಲೇ ಒಳಗಡೇನೇ ವಾಚ್‌ಡಾಗಿಗೆ ಊಟ ಹಾಕೋರು ಇದಾರೆ, ಕೆಲಸ ನಡೆಯುತ್ತೆ, ಆದ್ರೆ ಆ ನೂರು ಮಿಲಿಸೆಕೆಂಡ್ ಪ್ರೊಸೆಸರ್ ಏನೂ ಮಾಡದೆ ಗಾಣ ಸುತ್ತೋದು ತಪ್ಪಲ್ಲ. ಇಲ್ಲಿಗೆ ಟೈಮರ್ ಇಂಟರಪ್ಟ್, ಅಂದ್ರೆ ಹೊತ್ತಾದ ಕೂಡ್ಲೆ ಮೇನನ್ನ ತಡೆದು ತನ್ನ ಕೆಲಸ ಮುಗಿಸಿ ವಾಪಸ್ ಬಿಡೋ ಏರ್ಪಾಡು, ತಾನಾಗೇ ಬೇಕಾಗುತ್ತೆ, ಸಿಲಬಸ್ಸಲ್ಲಿ ಇದೆ ಅಂತ ಅಲ್ಲ. ಟೈಮರ್ 0, 16 ಬಿಟ್ ಮೋಡ್, ಹತ್ತು ಮಿಲಿಸೆಕೆಂಡಿಗೆ 9216 ಸೈಕಲ್ಲು, ಟೈಮರ್ ಮೇಲಕ್ಕೆ ಎಣಿಸೋದರಿಂದ 65536ರಲ್ಲಿ ಅದನ್ನ ಕಳೆದ್ರೆ 56320, ಹೆಕ್ಸಲ್ಲಿ ಡಿಸಿ00. ಕೆಳಗಿನ ಬೈಟು ಸರಿಯಾಗಿ ಸೊನ್ನೆ! ಆ ಬಾಲದ ಕ್ರಿಸ್ಟಲ್ಲು ಇಲ್ಲೂ ಉಪಕಾರ ಮಾಡ್ತು.

ಟೈಮರ್ 0ರ ವೆಕ್ಟರ್, ಅಂದ್ರೆ ಇಂಟರಪ್ಟ್ ಬಂದಾಗ ಚಿಪ್ಪು ಹಾರೋ ಜಾಗ, 000ಬಿಯಲ್ಲಿದೆ, ಮುಂದಿನದು 0013ರಲ್ಲಿ, ನಡುವೆ ಸಿಗೋದು ಎಂಟೇ ಬೈಟು, ಹಾಗಾಗಿ ಅಲ್ಲಿಂದ ಜಂಪ್ ಮಾಡಿ ಬೇರೆ ಕಡೆ ಬರೀಬೇಕು. ಒಳಗೆ ಹೋದ ಕೂಡ್ಲೆ ಲೆಕ್ಕ ಮಾಡೋ ರಿಜಿಸ್ಟರಾದ ಅಕ್ಯುಮುಲೇಟರನ್ನೂ, ಕ್ಯಾರಿ ಥರದ ಗುರುತುಗಳಿರೋ ಪಿಎಸ್‌ಡಬ್ಲ್ಯೂನೂ ಪುಶ್ ಮಾಡಿ, ಬರೋವಾಗ ಉಲ್ಟಾ ಕ್ರಮದಲ್ಲಿ ಪಾಪ್. ಪಿಎಸ್‌ಡಬ್ಲ್ಯೂ ಬಿಟ್ರೆ ಏನಾಗುತ್ತೆ ಅಂದ್ರೆ, ಮೇನಲ್ಲಿ ಸಿಜೆಎನ್‌ಇ ಹೋಲಿಸಿ ಕ್ಯಾರಿ ಇಟ್ಟಿರುತ್ತೆ, ಅದನ್ನ ನೋಡೋ ಮುಂಚೆ ಇಂಟರಪ್ಟ್ ಬಂದು ಕ್ಯಾರಿ ಅಳಿಸಿ ಹೋಗಿರುತ್ತೆ. ಇದು ದಿನಾ ಆಗಲ್ಲ, ಯಾವಾಗ್ಲೋ ಒಂದ್ಸಲ ಆಗುತ್ತೆ, ಸಿಮ್ಯುಲೇಟರಲ್ಲಂತೂ ಆಗೋದೇ ಇಲ್ಲ, ಇಂಥ ಬಗ್ ಹುಡುಕೋದು ಪೂರ್ವಜನ್ಮದ ಕರ್ಮ.

ಮೇನ್ ಲೂಪಲ್ಲಿ ಫ್ಲೋಟ್ ನೋಡೋದು, ರಿಲೇ ಬದಲಾಯಿಸೋದು, ವಾಚ್‌ಡಾಗಿಗೆ ಬರೆಯೋದು, ಇಷ್ಟೇ. ವಾಚ್‌ಡಾಗನ್ನ ಇಂಟರಪ್ಟ್ ಒಳಗೆ ಇಡಬೇಡಿ, ಮೇನ್ ಸತ್ತುಬಿದ್ರೂ ಟೈಮರ್ ಓಡ್ತಾನೇ ಇರುತ್ತೆ, ಕಾವಲಿಗೆ ಅರ್ಥ ಇರಲ್ಲ.

ಇನ್ನು ಸಂಪು ಖಾಲಿ ಆಗಿದ್ರೆ? ಮೋಟರ್ ಒಣಗಿ ಓಡಿ ಸೀಲ್ ಸುಟ್ಕೊಳ್ಳುತ್ತೆ. 25 ನಿಮಿಷದಲ್ಲಿ ಟ್ಯಾಂಕ್ ತುಂಬಲಿಲ್ಲ ಅಂದ್ರೆ ನಿಲ್ಲಿಸು ಅಂತ ಹಾಕೋಣ, ಹತ್ತು ಮಿಲಿಸೆಕೆಂಡಿನ ಟಿಕ್ಕಲ್ಲಿ ಎಣಿಸಿದ್ರೆ 1,50,000, ಎರಡು ಬೈಟಲ್ಲೂ ಹಿಡಿಯಲ್ಲ. ಮೂರು ಬೈಟಿನ ಕಳೆಯೋ ಲೆಕ್ಕ ಬರೆಯೋಕೆ ಹೋಗ್ಬೇಡಿ. ರ್‍ಯಾಮಲ್ಲಿ ಮೂರು ಜಾಗ, ಒಂದರಲ್ಲಿ 100, ಇನ್ನೊಂದರಲ್ಲಿ 60, ಮೂರನೇದರಲ್ಲಿ 25. ಮೊದಲನೇದು ಸೊನ್ನೆ ಆದ್ರೆ ಮತ್ತೆ 100 ತುಂಬಿ ಎರಡನೇದರಲ್ಲಿ ಒಂದು ಕಳಿ, ಅದು ಸೊನ್ನೆ ಆದ್ರೆ 60 ತುಂಬಿ ಮೂರನೇದರಲ್ಲಿ ಒಂದು ಕಳಿ. ಬರೀ ಮೂರು ಡಿಜೆಎನ್‌ಜಡ್, ಅದು ರಿಜಿಸ್ಟರೇ ಬೇಕು ಅನ್ನಲ್ಲ, ರ್‍ಯಾಮ್ ವಿಳಾಸದ ಮೇಲೂ ಓಡುತ್ತೆ.

ಕೊನೇದಾಗಿ ಕರೆಂಟ್ ಹೋಗಿ ಬರೋದು. ಲೈನ್ ಬಂದ ಹೊಸದರಲ್ಲಿ ವೋಲ್ಟೇಜು ಮೇಲೆ ಕೆಳಗೆ ಆಡ್ತಾ ಇರುತ್ತೆ, 10 ಮೈಕ್ರೋಫ್ಯಾರಡ್, 8.2 ಕೆ ಹಾಕಿರೋ ಮಾಮೂಲಿ ರೀಸೆಟ್ ಸರ್ಕ್ಯೂಟು ಸಪ್ಲೈ ನಿಧಾನಕ್ಕೆ ಏರಿದ್ರೆ ಸರಿಯಾಗಿ ರೀಸೆಟ್ ಕೊಡಲ್ಲ, ಹಳ್ಳಿ ಕಡೆ ಇಡೋದಾದ್ರೆ ರೀಸೆಟ್ ಸೂಪರ್‌ವೈಸರ್ ಐಸಿ ಹಾಕೋದು ಒಳ್ಳೇದು. ಪ್ರೋಗ್ರಾಮಲ್ಲಿ ಶುರುವಿಗೇ ಎರಡು ನಿಮಿಷ ಏನೂ ಮಾಡದೆ ಕಾಯಿಸಿ, ಕಾಯೋವಾಗ್ಲೂ ವಾಚ್‌ಡಾಗಿಗೆ ಬರೀತಾ ಇರಿ, ಅದಕ್ಕೆ ನಿಮಿಷ ಎಣಿಸೋಕೆ ಮೇಲಿನ ಅದೇ ಮೂರು ಜಾಗ ಸಾಕು, 25ರ ಬದಲು 2. ಆಮೇಲೆ ನೀರು ಎರಡು ಫ್ಲೋಟಿನ ನಡುವೆ ಇದ್ರೆ ಮೋಟರ್ ಆಫಲ್ಲೇ ಇರಲಿ, ರ್‍ಯಾಮಲ್ಲಿ ಇದ್ದಿದ್ದೆಲ್ಲ ಹೋಗಿರುತ್ತೆ, ಮುಂಚೆ ತುಂಬ್ತಾ ಇತ್ತಾ ಖಾಲಿ ಆಗ್ತಾ ಇತ್ತಾ ಅಂತ ಅದಕ್ಕೆ ಗೊತ್ತಿರಲ್ಲ, ಕೆಳಗಿನ ಫ್ಲೋಟ್ ಇಳಿದಾಗ ತಾನೇ ಆನ್ ಮಾಡ್ಕೊಳ್ಳುತ್ತೆ.