ಬರೀ ಕಕ್ಷಿದಾರರು

"ಮನೇಲಿ ಲಾಯರು ಯಾರಿದಾರಮ್ಮ?"

"ಯಾರೂ ಇಲ್ಲ ಸರ್. ಬರೀ ಕಕ್ಷಿದಾರರು."

ಮಂಗಳವಾರದಿಂದ ಈ ಎರಡು ಮಾತು ತಲೆಯಿಂದ ಇಳೀತಿಲ್ಲ. ನಾನೇನೂ ತಮಾಷೆಗೆ ಹೇಳಿರಲಿಲ್ಲ. ಆದರೂ ಆ ಹಿರಿಯ ಲಾಯರ ಛೇಂಬರಿನಲ್ಲಿದ್ದ ಮೂವರು ಜೂನಿಯರುಗಳು ಗೊಳ್ಳೆಂದು ನಕ್ಕರು. ಸಾಹೇಬರು ಕನ್ನಡಕ ಮೇಲೇರಿಸಿ ಆಗಷ್ಟೇ ನನ್ನ ಮುಖ ಸರಿಯಾಗಿ ನೋಡಿದರು.

ಬಿ.ಎ. ಕೊನೇ ವರ್ಷದಲ್ಲಿದ್ದೀನಿ, ಎಲ್‌ಎಲ್‌ಬಿಗೆ ಈಗಿನಿಂದ ಏನು ಓದಬೇಕು ಅಂತ ಕೇಳೋಕೆ ಹೋಗಿದ್ದೆ. ಹುಬ್ಬಳ್ಳಿಯ ಕಾನೂನು ವಿಶ್ವವಿದ್ಯಾಲಯದ ಕಾಲೇಜುಗಳಿಗಾದರೆ ಪದವಿಯಲ್ಲಿ ಶೇ. 45 ಬಂದರೆ ಅರ್ಜಿ ಹಾಕಬಹುದು. ನನ್ನ ಕಣ್ಣಿರೋದು ನಾಗರಭಾವಿಯ ಲಾ ಸ್ಕೂಲಿನ ಮೇಲೆ. 2022ರಿಂದ ಅಲ್ಲಿ ಪದವೀಧರರಿಗೂ ಮೂರು ವರ್ಷದ ಕೋರ್ಸಿದೆ. ಪ್ರವೇಶ ಪರೀಕ್ಷೆಯಲ್ಲಿ ಟಿಕ್ ಹಾಕೋದರ ಜೊತೆ ಇಂಗ್ಲಿಷಿನಲ್ಲಿ ಬರೆಯೋದೂ ಇದೆ. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮೀಡಿಯಂ ಆದ ನನಗೆ ಅದೇ ಎದೆಬಡಿತ. "ದಿನಕ್ಕೊಂದು ತೀರ್ಪು ಓದು, ಒಂದು ಪುಟದಲ್ಲಿ ಬರಿ" ಅಂದರು ಸಾಹೇಬರು. ಒಳ್ಳೆಯವರೇ, ಕಾಫಿ ತರಿಸಿದರು. ಆದರೆ ನಲವತ್ತು ನಿಮಿಷದಲ್ಲಿ ಮೂವತ್ತು ನಿಮಿಷ ಅವರ ಮಗನ ವಿಷಯವೇ. ಅಪ್ಪನ ಆಫೀಸು, ಅಪ್ಪನ ಪುಸ್ತಕ, ಅಪ್ಪನ ಕಕ್ಷಿದಾರರು. ಅದರ ನಡುವೆಯೇ ಆ ಪ್ರಶ್ನೆ ಬಂದದ್ದು.

ಕಕ್ಷಿದಾರಳು ನನ್ನಮ್ಮ. ಎದುರುಗಡೆ ಸೋದರಮಾವ. ಅಮ್ಮನ ಮದುವೆ 1993ರಲ್ಲಿ. ಮರುವರ್ಷ ಕರ್ನಾಟಕದಲ್ಲಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಬಂತು, ಅಷ್ಟರಲ್ಲಿ ಮದುವೆಯಾಗಿದ್ದವರನ್ನು ಬಿಟ್ಟು. 2005ರಲ್ಲಿ ಕೇಂದ್ರ ಸರ್ಕಾರದ ತಿದ್ದುಪಡಿ ಆ ಬೇಲಿ ತೆಗೆಯಿತು. ಅಮ್ಮ ದಾವೆ ಹೂಡಿದಳು. 2015ರಲ್ಲಿ ಸುಪ್ರೀಂ ಕೋರ್ಟು, ತಿದ್ದುಪಡಿ ಜಾರಿಯಾದ 2005ರ ಸೆಪ್ಟೆಂಬರ್ 9ಕ್ಕೆ ತಂದೆ ಬದುಕಿರಬೇಕು ಅಂದಿತು. ತಾತ ಹೋದದ್ದು 2001ರಲ್ಲಿ. ಅಮ್ಮನ ಪಾಲು ತಾತನ ಪಾಲಿನಲ್ಲೊಂದು ಚೂರಿಗೆ ಇಳಿಯಿತು. ಅಪೀಲು ಹಾಕಿದೆವು.

ದಾರ ಕಟ್ಟಿದ ಆ ಫೈಲು ಇರೋದು ಬಟ್ಟೆ ಅಂಗಡಿಯ ಹಳದಿ ಕೈಚೀಲದಲ್ಲಿ. ಸರ್ಟಿಫೈಡ್ ಕಾಪಿಯ ಮೂರನೇ ಹಾಳೆಗೆ ಚಿತ್ರಾನ್ನದ ಎಣ್ಣೆ ಹತ್ತಿದೆ. ಕೋರ್ಟಿನ ಹೊಂಗೆಮರದ ಕೆಳಗೆ ತಿಂದು ಕೈ ಒರೆಸಿಕೊಳ್ಳೋ ಮೊದಲೇ ನಮ್ಮ ನಂಬರು ಕೂಗಿದ್ದರು. ವಾಯಿದೆ, ವಕಾಲತ್ತು, ತಡೆಯಾಜ್ಞೆ, ಪಹಣಿ ಇವೆಲ್ಲ ಅನ್ನ ಸಾರಿನ ಜೊತೆ ಕಿವಿಗೆ ಬಿದ್ದ ಪದಗಳು. ಆ ಜೂನಿಯರುಗಳು ಇವನ್ನು ಪುಸ್ತಕದಲ್ಲಿ ಕಲಿತಿರಬಹುದು. ನಗಲಿ ಬಿಡಿ. ಜಡ್ಜು ರಜೆ ಅಂತ ಗೊತ್ತಾಗೋಕೆ ಎರಡು ಬಸ್ಸು ಬದಲಿಸಿ ಹೋಗಬೇಕಾಗುತ್ತೆ ಅನ್ನೋದು ಯಾವ ಪುಸ್ತಕದಲ್ಲೂ ಇಲ್ಲ.

ನಿನ್ನೆ ರಾತ್ರಿ ಸಾಹೇಬರು ಹೇಳಿದ ಅಭ್ಯಾಸ ಶುರು ಮಾಡಿದೆ. ಮೊದಲ ತೀರ್ಪು ಸುಪ್ರೀಂ ಕೋರ್ಟಿನದೇ, 2020ರ ವಿನೀತಾ ಶರ್ಮಾ ಕೇಸಿನದು. ಮಗಳ ಹಕ್ಕು ಹುಟ್ಟಿನಿಂದ ಬಂದದ್ದು, 2005ರಲ್ಲಿ ತಂದೆ ಇರಲೇಬೇಕು ಅಂತಿಲ್ಲ ಅನ್ನೋದನ್ನು ಅಮ್ಮನಿಗೆ ಕನ್ನಡದಲ್ಲಿ ಹೇಳಿದೆ. ಲಾಯರು ಹಿಂದೆಯೇ ಹೇಳಿದ್ದರು, ಅವಳಿಗೆ ಗೊತ್ತಿರೋದೇ. ಆದರೂ ಬೆಳ್ಳುಳ್ಳಿ ಬಿಡಿಸೋದು ನಿಲ್ಲಿಸಿ ಕೇಳಿದಳು:

"ಅಂದ್ರೆ ಅಪ್ಪ ಬೇಗ ಸತ್ತಿದ್ದು ನನ್ನ ತಪ್ಪಲ್ಲ ಅಂತ ತಾನೆ?"

ಬರೆಯಬೇಕಿದ್ದ ಪುಟ ಅಲ್ಲಿಗೇ ನಿಂತಿತು.

1998ರಲ್ಲೇ ಬಾಯಿಮಾತಿನಲ್ಲಿ ಪಾಲಾಗಿದೆ ಅನ್ನೋದು ಈಗ ಮಾವನ ವಾದ. ಹದಿನೆಂಟಕ್ಕೆ ವಾಯಿದೆ, ಅವತ್ತೇ ನನಗೆ ಇಂಟರ್ನಲ್ಸ್. "ನೀನೂ ಬಾ, ಓದಿದ ಹಾಗೂ ಆಗುತ್ತೆ" ಅಂತಿದಾಳೆ ಅಮ್ಮ.