ಒಂದೇ ಗೋಡೆ, ಎರಡು ಕಡೆಯಿಂದ: ನನ್ನ ಹೈಬ್ರಿಡ್ ಅಬ್ಲೇಶನ್

ಇಬ್ಬರು ಡಾಕ್ಟರು ಸೇರಿ ನನ್ನ ಹೃದಯದ ಒಂದೇ ಗೋಡೆಯನ್ನು ಒಬ್ಬರು ಹೊರಗಿಂದ, ಇನ್ನೊಬ್ಬರು ಒಳಗಿಂದ ಸುಡುತ್ತಾರೆ ಅಂತ ಕೇಳಿದಾಗ ನಿಜಕ್ಕೂ ಭಯವಾಯಿತು. ಕ್ಯಾತಿಟರ್ ಅಬ್ಲೇಶನ್, ಅಂದರೆ ರಕ್ತನಾಳದ ಮೂಲಕ ತೆಳು ಕೊಳವೆ ಕಳಿಸಿ ಹೃದಯವನ್ನು ಒಳಗಿಂದ ಸುಡುವ ಚಿಕಿತ್ಸೆ, ಮೊದಲೇ ಆಗಿತ್ತು. ಕೆಲವು ತಿಂಗಳು ಚೆನ್ನಾಗಿದ್ದೆ, ಆಮೇಲೆ ಏಟ್ರಿಯಲ್ ಫಿಬ್ರಿಲೇಶನ್ (ಎಎಫ್), ಅಂದರೆ ಹೃದಯದ ಮೇಲ್ಕೋಣೆಗಳು ತಾಳ ತಪ್ಪಿ ಬಡಿಯುವ ಕಾಯಿಲೆ, ಮತ್ತೆ ಬಂತು. ಬಂದದ್ದು ಹೋಗಲೇ ಇಲ್ಲ. ನಾಲ್ಕು ಮೆಟ್ಟಿಲು ಹತ್ತಿದರೆ ಉಸಿರು ಕಟ್ಟುತ್ತಿತ್ತು.

ಆಪರೇಶನ್ನಿನ ಹಿಂದಿನ ಸಂಜೆ ಸರ್ಜನ್ ಬಂದು ಹಾಸಿಗೆಯ ಪಕ್ಕ ಕೂತು ಕಾಗದದ ಮೇಲೆ ಹೃದಯ ಬಿಡಿಸಿದರು. ಆ ಅರ್ಧ ಗಂಟೆಗೆ ನಾನು ಇವತ್ತಿಗೂ ಋಣಿ. ಎಎಫ್ ಶುರುಮಾಡುವ ತಪ್ಪು ವಿದ್ಯುತ್ ಮಿಂಚುಗಳು ಹೆಚ್ಚಾಗಿ ಶ್ವಾಸಕೋಶದಿಂದ ಬರುವ ರಕ್ತನಾಳಗಳ ಬಾಯಲ್ಲಿ ಹುಟ್ಟುತ್ತವೆ, ಇದನ್ನು ಫ್ರಾನ್ಸಿನ ಬೋರ್ಡೋದ ಡಾಕ್ಟರುಗಳು 1998ರಲ್ಲಿ ತೋರಿಸಿಕೊಟ್ಟರು. ಆದರೆ ನನ್ನಂತೆ ಕಾಯಿಲೆ ಬಿಡದೆ ಉಳಿದುಬಿಟ್ಟವರಲ್ಲಿ ಎಡ ಮೇಲ್ಕೋಣೆಯ ಹಿಂದಿನ ಗೋಡೆಯೂ ಕೆಟ್ಟಿರುತ್ತದೆ. ಆ ಗೋಡೆಗೆ ಅಂಟಿಕೊಂಡ ಹಾಗೇ ಅನ್ನನಾಳ ಇದೆ. ಒಳಗಿಂದ ಜೋರಾಗಿ ಸುಟ್ಟರೆ ಅದಕ್ಕೆ ಪೆಟ್ಟು, ಮೆತ್ತಗೆ ಸುಟ್ಟರೆ ಶಾಖ ಗೋಡೆಯ ಹೊರಪದರದವರೆಗೆ ಹೋಗುವುದಿಲ್ಲ. ಹೊರಗಿಂದ ಸುಡುವ ಸಾಧನದ ಬಿಸಿ ಬದಿ ಹೃದಯದ ಕಡೆಗೇ ಇರುತ್ತದೆ. ಹಾಗಾದರೆ ಎಲ್ಲವನ್ನೂ ಹೊರಗಿಂದಲೇ ಮುಗಿಸಬಹುದಲ್ವಾ ಅಂತ ಕೇಳಿದೆ. ಹೃದಯವನ್ನು ಸುತ್ತಿರುವ ಪೊರೆ ಕೆಲವು ಕಡೆ ಮಡಚಿಕೊಂಡು ಅಡ್ಡ ನಿಲ್ಲುತ್ತದಂತೆ, ಅಲ್ಲಿ ಸಾಧನ ತಲುಪುವುದಿಲ್ಲ. ಆ ಸಂದುಗಳನ್ನು ಒಳಗಿಂದ ಕ್ಯಾತಿಟರ್ ಮುಚ್ಚಬೇಕು. ಅದಕ್ಕೇ ಇಬ್ಬರು.

ಇದರ ಹಳೆಯ ರೂಪ ಮೇಜ್ (ಸುತ್ತುದಾರಿ) ಅನ್ನುವ ಆಪರೇಶನ್. 1987ರಲ್ಲಿ ಅಮೆರಿಕದ ಸರ್ಜನ್ ಜೇಮ್ಸ್ ಕಾಕ್ಸ್ ಮೊದಲ ಸಲ ಅದನ್ನು ಮಾಡಿದಾಗ ಎದೆ ತೆರೆದು, ಮೇಲ್ಕೋಣೆಗಳನ್ನು ಕತ್ತರಿಸಿ ಮತ್ತೆ ಹೊಲಿಯುತ್ತಿದ್ದರು. ಆ ಗಾಯದ ಗೆರೆಗಳು ತಪ್ಪು ವಿದ್ಯುತ್ತಿಗೆ ದಾರಿ ಕಟ್ಟುತ್ತಿದ್ದವು. ಈಗ ಕತ್ತರಿ ಕೆಲಸವನ್ನು ಶಾಖ ಅಥವಾ ಅತಿಯಾದ ತಂಪು ಮಾಡುತ್ತದೆ. ವಾಲ್ವ್ ಅಥವಾ ಬೈಪಾಸ್ ಆಪರೇಶನ್‌ಗೆ ಹೇಗೂ ಎದೆ ತೆರೆಯುವವರಿಗೆ ಇದನ್ನೂ ಜೊತೆಗೇ ಮಾಡುವುದುಂಟು.

ಹೊರಗಿನ ಕೆಲಸಕ್ಕೆ ನನಗೆ ಎದೆಮೂಳೆಯ ಕೆಳತುದಿಯ ಬಳಿ ಒಂದು ಚಿಕ್ಕ ಗಾಯ, ಎಡ ಪಕ್ಕೆಯಲ್ಲಿ ಕೆಲವು ತೂತು. ಪಕ್ಕೆಯ ಕಡೆಯಿಂದ ಮೇಲ್ಕೋಣೆಗೆ ಅಂಟಿದ ಪುಟ್ಟ ಚೀಲದಂಥ ಭಾಗಕ್ಕೆ ಕ್ಲಿಪ್ ಹಾಕಿದರು. ಎಎಫ್‌ನಲ್ಲಿ ರಕ್ತ ಹೆಪ್ಪುಗಟ್ಟುವುದು ಹೆಚ್ಚಾಗಿ ಅಲ್ಲೇ, ಸ್ಟ್ರೋಕ್ ಆಗುವುದು ಆ ಹೆಪ್ಪು ಮಿದುಳಿಗೆ ಹೋದಾಗ.

ಎಚ್ಚರವಾದಾಗ ಮೊದಲು ಗೊತ್ತಾದದ್ದು ನೋವು. ಆಳವಾಗಿ ಉಸಿರೆಳೆದರೆ ಚುಚ್ಚುತ್ತಿತ್ತು, ಮುಂದಕ್ಕೆ ಬಾಗಿ ಕೂತರೆ ಸ್ವಲ್ಪ ಹಗುರ. ಹೃದಯದ ಪೊರೆ ಕೆರಳಿದೆ, ಮಾತ್ರೆಗೆ ಇಳಿಯುತ್ತದೆ ಅಂದರು ನರ್ಸ್. ನನ್ನ ಹೆಂಡತಿ ಮಾತ್ರ ಮಾನಿಟರನ್ನೇ ನೋಡುತ್ತಿದ್ದಳು. ಗೆರೆ ಇನ್ನೂ ಅಂಕುಡೊಂಕು.

"ಡಾಕ್ಟ್ರೇ, ಇನ್ನೂ ಹಾಗೇ ಇದೆಯಲ್ಲ?"

"ಇದು ಅರ್ಧ ಕೆಲಸ ಅಮ್ಮ. ಉಳಿದರ್ಧ ಕ್ಯಾತಿಟರ್‌ದು. ಈಗಲೇ ಲೆಕ್ಕ ಹಾಕಬೇಡಿ."

ಕೆಲವು ಕಡೆ ಎರಡನ್ನೂ ಒಂದೇ ದಿನ ಮಾಡುತ್ತಾರೆ. ನನಗೆ ಕೆಲವು ವಾರ ಬಿಟ್ಟು ಮಾಡಿದರು. ಆ ಮಧ್ಯದ ವಾರಗಳೇ ಕಷ್ಟ. ಗಾಯ ಮಾಯುತ್ತಿದೆ, ಎದೆ ಮಾತ್ರ ಮೊದಲಿನ ಹಾಗೇ ಬಡಿಯುತ್ತಿದೆ, ಇಷ್ಟೆಲ್ಲ ಸುಮ್ನೆ ಅನುಭವಿಸಿದೆನಾ ಅಂತ ರಾತ್ರಿಯೆಲ್ಲ ಅದೇ ಯೋಚನೆ. ಎರಡನೇ ಹಂತ ಮುಗಿದ ಮೇಲೂ ನಡುನಡುವೆ ಬಡಿತ ತಪ್ಪಿತು. ಮೊದಲ 3 ತಿಂಗಳು ಹಾಗೆ ಆದರೆ ಚಿಕಿತ್ಸೆ ಸೋತಿತು ಅಂತ ಅಲ್ಲ, ಗಾಯದ ಉರಿಯೂತ ಇಳಿಯಲು ಅಷ್ಟು ಕಾಲ ಬೇಕು. ಇದನ್ನು ಮೊದಲೇ ಹೇಳಿದ್ದರಿಂದ ನಾವಿಬ್ಬರೂ ಹೇಗೋ ತಡೆದುಕೊಂಡೆವು. ಜ್ವರ ಬಂದರೆ, ನುಂಗಲು ಕಷ್ಟವಾದರೆ, ಅದು ಎಷ್ಟೋ ವಾರಗಳ ಮೇಲೆ ಆದರೂ ಸರಿ, ಕೂಡಲೇ ಬನ್ನಿ ಅಂತಲೂ ಹೇಳಿದ್ದರು. ಅನ್ನನಾಳಕ್ಕೆ ಪೆಟ್ಟಾಗುವುದು ಬಹಳ ಅಪರೂಪ, ಆದರೆ ಆಯಿತೆಂದರೆ ಜೀವಕ್ಕೇ ಅಪಾಯ. ಈ ಮಾತನ್ನು ಮನೆಯವರಿಗೂ ಹೇಳಿಡಬೇಕು.

ಈಗ ಮೈಗೆ ಕಟ್ಟಿ ಬಡಿತ ದಾಖಲಿಸುವ ಹೋಲ್ಟರ್‌ನಲ್ಲಿ ಬಡಿತ ಸಮ ಬರುತ್ತಿದೆ. ಮೆಟ್ಟಿಲು ಹತ್ತುತ್ತೇನೆ. ಕ್ಲಿಪ್ ಇದೆಯಲ್ಲ, ರಕ್ತ ತೆಳುವಾಗಿಸುವ ಮಾತ್ರೆ ನಿಲ್ಲಿಸಬಹುದಾ ಅಂತ ಕೇಳಿದ್ದೆ. ಬೇಡ ಅಂದರು. ಈ ಚೀಲ ಮುಚ್ಚಿದರೆ ಸ್ಟ್ರೋಕ್ ಸುಮಾರು ಮೂರನೇ ಒಂದು ಭಾಗ ಕಡಿಮೆಯಾಗುತ್ತದೆ ಅಂತ 2021ರಲ್ಲಿ ಬಂದ ದೊಡ್ಡ ಅಧ್ಯಯನದಲ್ಲೂ ಹೆಚ್ಚಿನವರು ಮಾತ್ರೆ ಮುಂದುವರಿಸಿದ್ದರಂತೆ. ಹಾಗಾಗಿ ನುಂಗುತ್ತಿದ್ದೇನೆ.