ಸೋರಿಕೆಯೆಂದು ನಾನು ತಿಳಿದ ಗುಳ್ಳೆಗಳು

ಕಾರಿಗಾಗಿ ತಯಾರಾದ 700 ಬಾರ್‌ನ ಹೊಸ ಟೈಪ್ 4 ಟ್ಯಾಂಕಿಗೆ (ಪ್ಲಾಸ್ಟಿಕ್ ಒಳಪದರದ ಮೇಲೆ ಕಾರ್ಬನ್ ಫೈಬರ್ ಸುತ್ತಿದ್ದು) ಮೊದಲ ಬಾರಿ ಹೈಡ್ರೋಜನ್ ತುಂಬಿಸಿದ ದಿನ, ಅದರ ಮೈಗೆ ಬಳಿದಿದ್ದ ಸೋಪಿನ ನೀರಿನಲ್ಲಿ ಸಾಸಿವೆ ಕಾಳಿನಷ್ಟು ಸಣ್ಣ ಗುಳ್ಳೆಗಳು ಎದ್ದವು. ವಾಲ್ವಿನ ಬಳಿ ಏನೂ ಇರಲಿಲ್ಲ. ಕಾರ್ಬನ್ ಫೈಬರ್ ಎಳೆಗಳ ಸಂದಿಯಿಂದ ನೊರೆ ಬರುತ್ತಿತ್ತು. ಅದೇ ಹೊತ್ತಿಗೆ ಪರದೆಯ ಮೇಲಿನ ಒತ್ತಡವೂ ನಿಧಾನವಾಗಿ ಇಳಿಯತೊಡಗಿತು.

ಎರಡನ್ನೂ ಕೂಡಿಸಿ ಲೈನರ್, ಅಂದರೆ ಆ ಒಳಪದರ, ಸೋರುತ್ತಿದೆಯೆಂದು ತೀರ್ಮಾನಿಸಿಬಿಟ್ಟೆ. ಗಾಳಿಯಲ್ಲಿ ನೂರಕ್ಕೆ 4ರಷ್ಟು ಸೇರಿದರೂ ಹೊತ್ತಿಕೊಳ್ಳುವ, ಹಗಲಿನಲ್ಲಿ ಉರಿಯೂ ಸರಿಯಾಗಿ ಕಾಣದ ಅನಿಲದ ಬಗ್ಗೆ ನನಗಿದ್ದ ಭಯ ತಪ್ಪಲ್ಲ. ಆದರೆ ಪರೀಕ್ಷೆ ನಡೆಯುವ ಕೋಣೆಯೊಳಗೆ ಯಾರೂ ಇರಲಿಲ್ಲ, ಫ್ಯಾನುಗಳು ಓಡುತ್ತಿದ್ದವು, ಚಾವಣಿಯ ಸೆನ್ಸರ್ ಸೊನ್ನೆಯಲ್ಲೇ ನಿಂತಿತ್ತು. ಹತ್ತು ನಿಮಿಷ ಕಾಯಲು ಅಡ್ಡಿಯೇನೂ ಇರಲಿಲ್ಲ. ಆದರೂ ನಾನು ಅನಿಲ ಹೊರಬಿಡುವ ವೆಂಟ್ ಪೂರ್ತಿ ತೆರೆಯಲು ಹೇಳಿದೆ.

ಒಳಗಿನ ಅನಿಲ ಹಿಗ್ಗುತ್ತಾ ತಣ್ಣಗಾಗತೊಡಗಿತು. ಮೈನಸ್ 20, ಮೈನಸ್ 31. "ಸರ್, ಸ್ವಲ್ಪ ನಿಧಾನ ಮಾಡೋಣವೇ?" ಎಂದು ಪಕ್ಕದಲ್ಲಿ ಕುಳಿತಿದ್ದ ಕಿರಿಯ ಸಹೋದ್ಯೋಗಿ ಎರಡು ಬಾರಿ ಕೇಳಿದರು. ಬೇಡವೆಂದೆ. ಮಿತಿಯಾದ ಮೈನಸ್ 40 ದಾಟಿ 43ಕ್ಕೆ ಬಂದಾಗಲೂ ನನ್ನ ಕಣ್ಣು ಒತ್ತಡದ ಮೇಲೆಯೇ ಇತ್ತು, ಅದು ಸೊನ್ನೆಯ ಹತ್ತಿರಕ್ಕೆ ಬಂದದ್ದು ಸಮಾಧಾನವನ್ನೇ ತಂದಿತು.

ಮರುದಿನ ಒಳಗನ್ನು ನೋಡುವ ಬೋರೋಸ್ಕೋಪ್ ಇಳಿಸಿದಾಗ ಪ್ಲಾಸ್ಟಿಕ್ ಲೈನರ್ ಅಂಗೈಯಷ್ಟಗಲ ಒಳಕ್ಕೆ ಉಬ್ಬಿ ನಿಂತಿತ್ತು. ಸೋರಿಕೆ ಎಲ್ಲಿಯೂ ಇರಲಿಲ್ಲ. ಲೈನರ್ ಮತ್ತು ಫೈಬರ್ ನಡುವೆ ಸಿಕ್ಕಿಕೊಂಡಿದ್ದ ಗಾಳಿ, ಟ್ಯಾಂಕ್ ಮೊದಲ ಸಲ ಹಿಗ್ಗಿದಾಗ ಹೊರಬಿದ್ದು ಗುಳ್ಳೆಯಾಗಿತ್ತು. ವೇಗವಾಗಿ ತುಂಬಿಸಿದ್ದರಿಂದ 70 ಡಿಗ್ರಿಗೆ ಏರಿದ್ದ ಅನಿಲ ಆರುತ್ತಿದ್ದಂತೆ ಒತ್ತಡ ಇಳಿದಿತ್ತು. ಒಳಗಿನ ಒತ್ತಡವನ್ನು ನಾನು ಒಮ್ಮೆಲೇ ತೆಗೆದುಬಿಟ್ಟಾಗ, ಲೈನರಿನ ಬೆನ್ನಿಗೆ ಉಳಿದಿದ್ದ ಅನಿಲ ಚಳಿಗೆ ಕುಗ್ಗಿದ್ದ ಅದನ್ನು ಒಳಕ್ಕೆ ತಳ್ಳಿತ್ತು. ಒಡೆಯುವ ಪರೀಕ್ಷೆಯಲ್ಲಿ 1575 ಬಾರ್ ತಾಳಿದ್ದ ಮಾದರಿ ಅದು. ಒಳಗಿನಿಂದ ಅಷ್ಟು ತಾಳುವ ಟ್ಯಾಂಕಿನ ಲೈನರ್, ಹಿಂದಿನಿಂದ ಬರುವ ಅಲ್ಪ ಒತ್ತಡಕ್ಕೂ ಮಣಿಯಬಹುದೆಂಬುದು ನನಗೆ ಹೊಳೆಯಲೇ ಇಲ್ಲ.

ಈಗ ಖಾಲಿ ಮಾಡುವಾಗ ಉಷ್ಣತೆಯನ್ನು ನೋಡಿಯೇ ವೆಂಟ್ ತಿರುಗಿಸುತ್ತೇವೆ, 20 ಬಾರ್ ಒಳಗೇ ಉಳಿಸುತ್ತೇವೆ. ವರದಿಯ ಕರಡಿನಲ್ಲಿ ಕಾರಣವೆಂದು ನಮೂದಾಗಿದ್ದ 'ಲೈನರ್ ದೋಷ'ವನ್ನು ಹೊಡೆದುಹಾಕಿ, ನಿರ್ಧಾರ ನನ್ನದೆಂದು ಬರೆಸಿದೆ. ಒತ್ತಡ ದೊಡ್ಡ ಅಂಕಿಯಲ್ಲೂ ಉಷ್ಣತೆ ಮೂಲೆಯ ಸಣ್ಣ ಅಂಕಿಯಲ್ಲೂ ಕಾಣುವ ಆ ಪರದೆಯನ್ನು ಬದಲಾಯಿಸಬೇಕೆಂದು ಆಡಳಿತಕ್ಕೆ ಮೂರು ಬಾರಿ ಬರೆದಿದ್ದೇನೆ. ಅದು ಇನ್ನೂ ಹಾಗೆಯೇ ಇದೆ.